ಹಿರಿಯನೋ, ಗೆಳೆಯನೋ, ಆಳೋ

ಮೊಮ್ಮಗಳು ಸೈಕಲ್ಲಿನಿಂದ ಬಿದ್ದು ಬಲಗೈ ಮುರಿದುಕೊಂಡದ್ದರಿಂದ ನಾನು ಜರ್ಮನಿ ನೋಡಿದೆ. ಇಲ್ಲದಿದ್ದರೆ ನೋಡುತ್ತಿರಲಿಲ್ಲ, ನೋಡಬೇಕೆಂಬ ಆಸೆಯೂ ಇರಲಿಲ್ಲ. ಎರ್ಲಾಂಗೆನ್ನಿನಲ್ಲಿ ಮುದುಕರು, ಬಸುರಿಯರು, ಕೋಟು ಹಾಕಿದ ದೊಡ್ಡ ಸಾಹೇಬರು ಎಲ್ಲರೂ ಸೈಕಲ್ಲು ತುಳಿಯುತ್ತಾರೆ. ಇವಳೂ ತುಳಿದಳು. ಒದ್ದೆ ಎಲೆಯ ಮೇಲೆ ಚಕ್ರ ಜಾರಿತು. ನನ್ನ ವೀಸಾ ಬರುವಷ್ಟರಲ್ಲಿ ಮೂಳೆ ಕೂಡಿಕೊಂಡು ಎಲ್ಲ ಮುಗಿದಿರುತ್ತದೆ ಎಂದು ನಾನು ಹೇಳಿದ್ದೆ. ಮೂಳೆ ಸರಿಯಾಗಿ ಕೂಡದೆ ಮತ್ತೆ ಕೊಯ್ದು ಕಂಬಿ ಹಾಕಿದರಂತೆ. ಹಾಗಾಗಿ ನನ್ನ ಪ್ರಯಾಣ ದಂಡವಾಗಲಿಲ್ಲ.

ಅವಳ ಅಮ್ಮ, ಅಂದರೆ ನನ್ನ ಮಗಳು, ಉಡುಪಿಯಲ್ಲಿ ನರ್ಸು. ಅವಳಿಗೆ ರಜೆ ಇಲ್ಲ. ಬೀಡಿ ಕಟ್ಟುವುದನ್ನು ಬಿಟ್ಟ ಮೇಲೆ ಮನೆಯಲ್ಲಿ ರಜೆ ಕೇಳಬೇಕಾಗಿಲ್ಲದವಳು ನಾನೊಬ್ಬಳೇ. ಒಂದು ಚೀಲ ಕುಚ್ಚಲಕ್ಕಿ, ಒಣಮೆಣಸು, ಹುಣಸೆಹುಳಿ ಕಟ್ಟಿಕೊಂಡು ಹೋದೆ. ಅನ್ನ ಸಾರು ಮಾಡಿ, ಅವಳ ಜಡೆ ಹೆಣೆದು, ಅಂಗಿಯ ಗುಂಡಿ ಹಾಕಿ, ಕೈ ಗುಣವಾದ ಮೇಲೆ ವಾಪಸು ಬರುವುದು. ನನಗೆ ಹೇಳಿದ ಕೆಲಸ ಅಷ್ಟೇ.

ಅವಳು ಅಲ್ಲಿ ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುತ್ತಾಳೆ ಎಂದು ಊರಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದಿದ್ದೆ. ಏನು ಸಂಶೋಧನೆ ಎಂದು ಯಾರಾದರೂ ಕೇಳಿದರೆ ಚೀನಾದ್ದು ಎನ್ನುತ್ತಿದ್ದೆ. ಅದಕ್ಕಿಂತ ಹೆಚ್ಚು ನನಗೇ ಗೊತ್ತಿರಲಿಲ್ಲ. ಹೋದ ಮರುದಿನವೇ ಕೇಳಿದೆ.

"ಅಲ್ಲಿಯ ಸರಕಾರಿ ಆಫೀಸುಗಳು ಫೋನಿನಲ್ಲಿ ಸಣ್ಣ ಸಣ್ಣ ವಿಡಿಯೋ ಹಾಕ್ತವೆ ಅಜ್ಜಿ. ಪೊಲೀಸ್ ಸ್ಟೇಷನ್ನು, ತಾಲೂಕು ಆಫೀಸು, ಬೆಂಕಿ ಆರಿಸುವವರು, ಎಲ್ಲ. ಕೋಟಿಗಟ್ಟಲೆ ಜನ ನೋಡ್ತಾರೆ. ಅದ್ರಲ್ಲಿ ಆಫೀಸು ಜನರ ಎದುರು ಹೇಗೆ ಕಾಣಿಸ್ಕೊಳ್ತದೆ? ಮನೆಯ ಹಿರಿಯನ ಹಾಗಾ, ಗೆಳೆಯನ ಹಾಗಾ, ಆಳಿನ ಹಾಗಾ? ಅದು ನನ್ನ ರಿಸರ್ಚು."

"ಇಷ್ಟಕ್ಕೆ ಡಾಕ್ಟರೇಟು ಬೇಕಾ?"

"ಬೇಕಾಯ್ತು."

"ಚೀನಾದ್ದು ತಿಳೀಲಿಕ್ಕೆ ಚೀನಾದಲ್ಲಿ ಕೂರ್ಬೇಕಲ್ಲ ಮಾರಾಯ್ತಿ. ಇಲ್ಲಿ ಈ ಚಳಿಯಲ್ಲಿ ಎಂತ ಮಾಡ್ತಿ?"

"ಅಲ್ಲಿ ಇದ್ದೆ ಅಲ್ವಾ, ಭಾಷೆ ಕಲೀಲಿಕ್ಕೆ ಹೋದಾಗ. ನಿಮಗೆ ರೇಷ್ಮೆ ಶಾಲು ತಂದದ್ದು ಮರ್ತೇ ಹೋಯ್ತಾ?"

"ಅದು ರೇಷ್ಮೆ ಅಲ್ಲ, ನೈಲಾನು."

ಅವಳು ನಕ್ಕಳು. ಆದರೆ ಬಂದ ವಾರದಲ್ಲೇ ನನಗೆ ಗೊತ್ತಾಯಿತು, ಅವಳಿಗೆ ನಗು ಸುಲಭವಾಗಿ ಬರುತ್ತಿರಲಿಲ್ಲ. ಯೂನಿವರ್ಸಿಟಿಯ ಕಾಂಟ್ರಾಕ್ಟು ವಸಂತಕ್ಕೆ ಮುಗಿಯುತ್ತಿತ್ತು. ಅವಳಿಗೆ ಅಲ್ಲಿ ಇರಲು ಕೊಟ್ಟಿದ್ದ ಬ್ಲೂ ಕಾರ್ಡು ಆ ಕೆಲಸಕ್ಕೆ ಕಟ್ಟಿದ ಬಾಲ. ಕೆಲಸ ಹೋದರೆ ಅದೂ ಹಿಂದೆಯೇ ಹೋಗುತ್ತದೆ, ಸ್ವಲ್ಪ ದಿನ ಆಚೀಚೆ ಅಷ್ಟೇ. ಕಾಂಟ್ರಾಕ್ಟು ಮುಂದುವರಿಯಬೇಕಾದರೆ ಅವಳ ಪ್ರೊಫೆಸರಮ್ಮನ ಎದುರು, ವಿಭಾಗದವರೆಲ್ಲರ ಎದುರು, ಮುಂದೆ ಮಾಡುವ ಕೆಲಸದ ಒಂದು ಸಣ್ಣ ಪರೀಕ್ಷೆ ನಡೆಸಿ ತೋರಿಸಬೇಕಿತ್ತು. ಕ್ರಿಸ್‌ಮಸ್ ರಜೆಗೆ ಮೊದಲು. ಅಷ್ಟರಲ್ಲಿ ಕೈ ಮುರಿಯಿತು.

ಪರೀಕ್ಷೆ ಇದು. ವಿಡಿಯೋಗಳ ಧ್ವನಿ ತೆಗೆಯುವುದು. ಚಿತ್ರದ ಮೇಲೆ ಓಡುವ ಅಕ್ಷರಗಳಿಗೆ ಕಪ್ಪು ಪಟ್ಟಿ ಹಾಕುವುದು. ಬರೀ ಚಿತ್ರ ನೋಡಿ ಇಬ್ಬರು ಬೇರೆ ಬೇರೆ ಕುಳಿತು ಗುರುತು ಹಾಕಬೇಕು: ಹಿರಿಯನಿಗೆ ಕೆಂಪು, ಗೆಳೆಯನಿಗೆ ಹಸಿರು, ಆಳಿಗೆ ನೀಲಿ. ಇಬ್ಬರಲ್ಲಿ ಒಬ್ಬರು ಆ ದೇಶ ಬಲ್ಲವರು, ಇನ್ನೊಬ್ಬರು ಏನೂ ತಿಳಿಯದವರು. ಇಬ್ಬರ ಗುರುತೂ ಬಹುಪಾಲು ಒಂದೇ ಆದರೆ ಅವಳ ಮೂರು ಬಣ್ಣ ನಿಲ್ಲುತ್ತದೆ. ಇಲ್ಲವಾದರೆ ಇಲ್ಲ.

"ನಿಮ್ಮ ಬೀಡಿ ಡಿಪೋದ ಹಾಗೆ ಅಜ್ಜಿ," ಎಂದಳು. "ಇಬ್ಬರು ಚೆಕ್ಕರು ಒಬ್ಬರಿಗೊಬ್ಬರು ಕಾಣದೆ ಒಂದೇ ಕಟ್ಟು ನೋಡಿ ಅದೇ ಬೀಡಿ ಬಿಸಾಡಿದ್ರೆ, ಆಗ ಬೀಡಿಯೇ ಕೆಟ್ಟದ್ದು ಅಂತ ಹೇಳ್ಬಹುದು. ಒಬ್ಬ ಬಿಸಾಡಿ ಇನ್ನೊಬ್ಬ ಇಟ್ಟುಕೊಂಡ್ರೆ ಚೆಕ್ಕರಿಗೇ ತಲೆ ಸರಿ ಇಲ್ಲ."

"ನಮ್ಮ ಚೆಕ್ಕರಿಗೆ ಮೊದಲೇ ತಲೆ ಸರಿ ಇರ್ಲಿಲ್ಲ."

"ಏನೂ ತಿಳಿಯದವರಾಗಿ ನೀವು ಕೂರ್ತೀರಾ?"

ನಾಲ್ಕನೇ ಕ್ಲಾಸು ಓದಿದವಳು ನಾನು. ಏನೂ ತಿಳಿಯದವಳು ಎಂದು ಹಲವರು ಹಲವು ಸಲ ಹೇಳಿದ್ದಾರೆ. ಅದಕ್ಕೆ ಒಂದು ಕೆಲಸ ಉಂಟು ಎಂದು ಹೇಳಿದವಳು ಇವಳೊಬ್ಬಳೇ. ಕೂರುತ್ತೇನೆ ಎಂದೆ.

ದೇಶ ಬಲ್ಲವಳು ಅದೇ ಕಟ್ಟಡದಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದಳು. ಚೀನಾದವಳು, ವಯಸ್ಸು ಐವತ್ತರ ಹತ್ತಿರ. ಗಂಡನಿಗೆ ಎರ್ಲಾಂಗೆನ್ನಿನ ದೊಡ್ಡ ಕಂಪನಿಯಲ್ಲಿ ಇಂಜಿನಿಯರ್ ಕೆಲಸ. ಇವಳು ಊರಿನಲ್ಲಿ ಶಾಲೆಯ ಸಂಗೀತದ ಟೀಚರಾಗಿದ್ದಳಂತೆ. ಇಲ್ಲಿ ಬೆಳಗ್ಗೆ ಜರ್ಮನ್ ಕ್ಲಾಸಿಗೆ ಹೋಗುವುದು, ಮಧ್ಯಾಹ್ನದ ಮೇಲೆ ಸುಮ್ಮನೆ ಕೂರುವುದು. ಹೆಸರು ಎಲ್ಲೂ ಬರೆಯುವುದಿಲ್ಲ ಎಂದು ಮೊಮ್ಮಗಳು ಅವಳ ಭಾಷೆಯಲ್ಲೇ ಕುಳಿತು ಹೇಳಿದ ಮೇಲೆ ಒಪ್ಪಿದಳು. ಮೊಮ್ಮಗಳು ಆ ಭಾಷೆ ಮಾತಾಡುವುದನ್ನು ಅವತ್ತೇ ನಾನು ಮೊದಲು ಕೇಳಿದ್ದು. ಗಂಟಲೊಳಗೆ ಹಾಡು ಸಿಕ್ಕಿಹಾಕಿಕೊಂಡ ಹಾಗೆ ಇತ್ತು. ಕೆಳಮನೆಯವಳು ನನ್ನನ್ನು ಅಮ್ಮ ಎಂದು ಕರೆಯಲು ಕಲಿತಳು. ನಾನು ಅವಳನ್ನು ಮಾರಾಯ್ತಿ ಎಂದು ಕರೆದೆ. ಅದೇ ತನ್ನ ಹೆಸರು ಎಂದು ಅವಳು ಒಪ್ಪಿಕೊಂಡಳು.

ನಿಯಮ ಒಂದೇ: ವಿಡಿಯೋದ ಬಗ್ಗೆ ನಾವಿಬ್ಬರು ಮಾತಾಡಬಾರದು. ನನಗೆ ಕನ್ನಡ ತುಳು ಬಿಟ್ಟರೆ ಬೇರೇನಿಲ್ಲ, ಅವಳಿಗೆ ಅವೆರಡು ಬಿಟ್ಟು ಬೇರೆ ಏನೇನೋ ಉಂಟು. ಹಾಗಿರುವಾಗ ಈ ನಿಯಮ ಯಾಕೆ ಎಂದು ನಾನು ನಕ್ಕಿದ್ದೆ.

ಬೆಳಗ್ಗೆ ಮೊಮ್ಮಗಳು ಯೂನಿವರ್ಸಿಟಿಗೆ ಹೋದ ಮೇಲೆ ನಾನು ಕಂಪ್ಯೂಟರಿನ ಎದುರು ಕೂರುತ್ತಿದ್ದೆ. ಕೆಳಮನೆಯವಳು ಅದೇ ವಿಡಿಯೋಗಳನ್ನು ತನ್ನ ಮನೆಯ ಕಂಪ್ಯೂಟರಿನಲ್ಲಿ ನೋಡುತ್ತಿದ್ದಳು. ಹೆಲ್ಮೆಟ್ಟಿನ ಹುಡುಗರು ಬಾವಿಯಿಂದ ನಾಯಿ ಎತ್ತುವುದು, ಟೈ ಕಟ್ಟಿದವನು ಗದ್ದೆಯ ಬದುವಿನಲ್ಲಿ ನಿಂತು ಕೈ ಬೀಸುವುದು, ಟ್ರಾಫಿಕ್ ಪೊಲೀಸಿನವನು ಕುಣಿಯುವುದು. ಕುಣಿಯುವವನಿಗೆ ಹಸಿರು ಒತ್ತಿದೆ. ಕೈ ಬೀಸುವವನಿಗೆ ಕೆಂಪು. ಕೆಲವು ಕಷ್ಟವಾಗುತ್ತಿದ್ದವು. ಒಂದರಲ್ಲಿ ಯೂನಿಫಾರ್ಮಿನ ಅಧಿಕಾರಿಯೊಬ್ಬ ಮಳೆಯಲ್ಲಿ ಮೊಣಕಾಲೂರಿ ಒಬ್ಬ ಮುದುಕನ ಶೂಸಿನ ದಾರ ಕಟ್ಟುತ್ತಾನೆ. ಕಾಲು ಮುಟ್ಟಿದವನು ಆಳು, ಅದರಲ್ಲಿ ಅನುಮಾನ ಏನು ಎಂದು ನೀಲಿ ಒತ್ತಿದೆ.

ಮಧ್ಯಾಹ್ನ ಕೆಳಮನೆಯವಳು ಬರುತ್ತಿದ್ದಳು. ನಾನು ನೀರುದೋಸೆ ಹೊಯ್ಯುತ್ತಿದ್ದೆ, ಅವಳು ಹಬೆಯಲ್ಲಿ ಬೇಯಿಸಿದ ಬಿಳಿಯ ಬನ್ನು ತರುತ್ತಿದ್ದಳು. ಅದಕ್ಕೆ ಉಪ್ಪೂ ಇಲ್ಲ ಖಾರವೂ ಇಲ್ಲ, ಆದರೆ ಸಾರಿನಲ್ಲಿ ಅದ್ದಿದರೆ ತಿನ್ನಬಹುದು. ತಿನ್ನುತ್ತಾ ಎಷ್ಟು ಹೊತ್ತು ಸುಮ್ಮನೆ ಕೂರುವುದು? ಒಂದು ದಿನ ಅವಳು ಎದ್ದು ಆ ಟ್ರಾಫಿಕ್ ಪೊಲೀಸಿನವನ ಹಾಗೆ ಸೊಂಟ ತಿರುಗಿಸಿದಳು. ನನಗೆ ನಗು ತಡೆಯಲಿಲ್ಲ. ಮರುದಿನ ನಾನು ಗದ್ದೆಯ ಸಾಹೇಬನ ಹಾಗೆ ಹೊಟ್ಟೆ ಮುಂದೆ ಮಾಡಿ ಕೈ ಬೀಸಿದೆ. ಆಮೇಲೆ ಅದು ದಿನಾ ನಡೆಯಿತು. ಅವಳು ಆಡಿ ತೋರಿಸಿ, ಮೇಜಿನ ಮೇಲಿದ್ದ ಕೆಂಪು ಟೊಮೆಟೊ ಮುಟ್ಟುವುದು, ನಾನು ತಲೆ ಅಲ್ಲಾಡಿಸಿ ಹಸಿ ಮೆಣಸು ಮುಟ್ಟುವುದು. ನೀಲಿಗೆ ನನ್ನ ಸೆರಗಿನ ಅಂಚು ಇತ್ತು. ಕಂಪ್ಯೂಟರಿನಲ್ಲಿ ನಾನೂ ಅವಳ ಬಣ್ಣವನ್ನೇ ಒತ್ತಿದ್ದರೂ, ವಾದದ ಖುಷಿಗೆ ಮೇಜಿನ ಮೇಲೆ ಬೇರೆಯದನ್ನೇ ಹಿಡಿಯುತ್ತಿದ್ದೆ.

ಶೂಸು ಕಟ್ಟುವವನ ವಿಷಯದಲ್ಲಿ ನಾನು ಸೆರಗು ಹಿಡಿದೆ. ಅವಳು ಟೊಮೆಟೊ ಹಿಡಿದಳು. ಹಿರಿಯ! ನಾನು ಬಿಡಲಿಲ್ಲ. ಅವಳು ನನ್ನ ಚಪ್ಪಲಿ ಸರಿಮಾಡಿ, ನನ್ನ ತಲೆ ಸವರಿ, ಮಗುವನ್ನು ಎತ್ತಿಕೊಂಡ ಹಾಗೆ ಮಾಡಿ ತೋರಿಸಿದಳು. ಮಗುವಿಗೆ ಶೂಸು ಕಟ್ಟುವವರು ಅಪ್ಪ ಅಮ್ಮ ಅಲ್ಲವೇ ಎಂದು ಅವಳ ವಾದ. ಮುದುಕನನ್ನು ಮಗು ಮಾಡಿದರೆ ಹೇಗೆ ಎಂದು ನನ್ನ ವಾದ. ಇಬ್ಬರೂ ನಗುತ್ತಾ ಎದ್ದೆವು.

ಅವಳು ಹೋದ ಮೇಲೆ ನಾನು ಯೋಚನೆ ಮಾಡಿದೆ. ಅವಳ ದೇಶದ ಪೊಲೀಸು, ಅವಳ ದೇಶದ ಮುದುಕ. ಮನೆಗೆ ಬಂದು ನನ್ನ ಕೈಯ ದೋಸೆ ತಿಂದವಳು. ಅವಳು ಹೇಳಿದ್ದಕ್ಕೆ ನಾನು ಅಡ್ಡ ಕೂರುವುದೇ? ಕಂಪ್ಯೂಟರಿನಲ್ಲಿ ಹಿಂದೆ ಹೋಗಿ ಬದಲಾಯಿಸಬಹುದಿತ್ತು. ಬದಲಾಯಿಸಿದೆ. ಅದೊಂದೇ ಅಲ್ಲ, ನಾವು ಆಡಿದ ಎಲ್ಲದರಲ್ಲೂ ಅವಳು ಮುಟ್ಟಿದ ಬಣ್ಣವನ್ನೇ ಒತ್ತಿದೆ. ಇಬ್ಬರ ಗುರುತೂ ಒಂದೇ ಆಗಬೇಕು ಎಂದು ಮೊಮ್ಮಗಳೇ ಹೇಳಿದ್ದಳಲ್ಲ, ಅವಳ ಕೆಲಸವೂ ಆಯಿತು ಎಂದುಕೊಂಡೆ.

ಎಲ್ಲ ಮುಗಿದ ದಿನ ಸಂಜೆ ಮೊಮ್ಮಗಳು ಎಡಗೈಯಲ್ಲಿ ಕಂಪ್ಯೂಟರು ಒತ್ತುತ್ತಾ ಕೂತಳು. ನಾನು ಒಗ್ಗರಣೆ ಹಾಕುತ್ತಿದ್ದೆ. ತಿರುಗಿ ನೋಡಿದರೆ ಅವಳ ಮುಖ ಬೂದಿಯ ಹಾಗೆ ಇತ್ತು.

"ಅಜ್ಜಿ, ನೀವಿಬ್ಬರು ಯಾವುದ್ರಲ್ಲೂ ಒಪ್ಪುದೇ ಇಲ್ಲ."

"ಸುಳ್ಳು. ಸರಿಯಾಗಿ ನೋಡು."

"ನೋಡಿದೆ. ನೀವು ಕೆಂಪು ಅಂದ್ರೆ ಅವರು ನೀಲಿ. ಅವರು ಹಸಿರು ಅಂದ್ರೆ ನೀವು ಕೆಂಪು. ಕಣ್ಣು ಮುಚ್ಚಿ ಒತ್ತಿದ್ರೂ ಇಷ್ಟು ಹಾಳಾಗ್ಲಿಕ್ಕೆ ಸಾಧ್ಯ ಇಲ್ಲ."

"ಶೂಸು ಕಟ್ಟುವವನಿಗೆ ಎಂತ ಉಂಟು?"

"ನಿಮ್ಮದು ಕೆಂಪು. ಅವರದ್ದು ನೀಲಿ."

"ಅದು ಹೇಗೆ ಆಗ್ತದೆ? ಕೆಂಪು ಅವಳದ್ದು. ಅವಳು ಟೊಮೆಟೊ ಹಿಡಿದದ್ದು ನಾನು ನೋಡಿದ್ದೇನೆ."

ಮೊಮ್ಮಗಳು ನಿಧಾನವಾಗಿ ಕುರ್ಚಿ ತಿರುಗಿಸಿದಳು. "ಎಂತ ಟೊಮೆಟೊ?"

ಹೇಳಿದೆ. ಮುಚ್ಚಿಡುವಂಥದ್ದು ಏನಿತ್ತು? ನಾವು ಮಾತಾಡಿರಲಿಲ್ಲ, ಕೈ ಮಾತ್ರ ಆಡಿಸಿದ್ದು. ಅವಳು ಕೆಳಗೆ ಹೋಗಿ ಕೆಳಮನೆಯವಳನ್ನು ಕರೆದುಕೊಂಡು ಬಂದಳು. ಇಬ್ಬರೂ ಚೀನೀ ಭಾಷೆಯಲ್ಲಿ ಮಾತಾಡಿದರು. ಕೆಳಮನೆಯವಳು ನನ್ನನ್ನು ನೋಡಿದಳು, ಕಂಪ್ಯೂಟರು ನೋಡಿದಳು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು.

"ಎಂತ ಹೇಳ್ತಾಳೆ?" ಎಂದೆ.

"ನೀವು ವಯಸ್ಸಿನಲ್ಲಿ ದೊಡ್ಡವರಂತೆ. ದೊಡ್ಡವರು ಅಷ್ಟು ಖಡಾಖಂಡಿತ ಹೇಳುವಾಗ ತಾನು ಬೇರೆ ಇಟ್ಟುಕೊಳ್ಳುದು ಸರಿ ಅಲ್ಲ ಅಂತ, ಮನೆಗೆ ಹೋಗಿ ಎಲ್ಲ ನಿಮ್ಮ ಹಾಗೆ ಬದಲಾಯಿಸಿದ್ರಂತೆ."

ನಾನು ಅವಳ ಕಡೆಗೆ ಹೋಗಿದ್ದೆ, ಅವಳು ನನ್ನ ಕಡೆಗೆ ಬಂದಿದ್ದಳು. ಮರ್ಯಾದೆ ಮಾಡಲು ಹೋಗಿ ಇಬ್ಬರೂ ದಾರಿಯಲ್ಲಿ ಒಬ್ಬರನ್ನೊಬ್ಬರು ದಾಟಿಬಿಟ್ಟಿದ್ದೆವು. ನನಗೆ ನಗು ಬಂತು. ಅವಳಿಗೂ ಬಂತು. ಮೊಮ್ಮಗಳು ಮಾತ್ರ ಪ್ಲಾಸ್ಟರಿನ ಕೈಯನ್ನು ಎದೆಗೆ ಒತ್ತಿಕೊಂಡು ಅಳತೊಡಗಿದಳು. ಮೊದಲು ಒತ್ತಿದ ಗುರುತು ಕಂಪ್ಯೂಟರಿನಲ್ಲಿ ಉಳಿದಿರಲಿಲ್ಲ, ಹಾಗೆ ಉಳಿಸುವ ಏರ್ಪಾಟು ಅವಳು ಮಾಡಿರಲಿಲ್ಲ. ತೋರಿಸುವ ದಿನಕ್ಕೆ ಹೆಚ್ಚು ಸಮಯವೂ ಇರಲಿಲ್ಲ. ನಾವಿಬ್ಬರು ನಗುವುದನ್ನು ನಿಲ್ಲಿಸಿದೆವು.

ಅಳುವವರನ್ನು ಸಮಾಧಾನ ಮಾಡುವ ಕೈಗುಣ ನನಗಿಲ್ಲ. ಊಟಕ್ಕೆ ಬಡಿಸಿದೆ. ಅರ್ಧ ಉಂಡ ಮೇಲೆ ಅವಳೇ ಹೇಳಿದಳು: ಬೇರೆ ವಿಡಿಯೋ ಉಂಟು, ಬೇರೆ ಕಟ್ಟು ಮಾಡುತ್ತೇನೆ, ಮತ್ತೆ ಮೊದಲಿನಿಂದ ಮಾಡುವ. ಈ ಸಲ ಹಿಂದೆ ಹೋಗಿ ಬದಲಾಯಿಸಲು ಬರದ ಹಾಗೆ ಮಾಡುತ್ತೇನೆ. ಮುಗಿಯುವವರೆಗೆ ನೀವಿಬ್ಬರು ಮುಖ ನೋಡಬಾರದು.

"ಆಗ್ಲಿ," ಎಂದೆ. "ಮತ್ತೆ ಈ ಹಾಳಾದ ಕಟ್ಟನ್ನು ಬಿಸಾಡು. ಯಾರಿಗೂ ಹೇಳ್ಲಿಕ್ಕೆ ಹೋಗ್ಬೇಡ."

"ಹೇಳ್ಬೇಕಾಗ್ತದೆ ಅಜ್ಜಿ. ಒಮ್ಮೆ ಹಾಳಾಯ್ತು, ಹೀಗೆ ಹಾಳಾಯ್ತು ಅಂತ."

"ನಿನಗೆ ಮರುಳಾ? ಕಾವಲಿಗೆ ಅಂಟಿದ ದೋಸೆಯನ್ನು ನೆಂಟರ ಎಲೆಗೆ ಹಾಕ್ತಾರಾ? ಕೆಲಸ ಬೇಕು ಅಂತ ಕೇಳ್ಲಿಕ್ಕೆ ಹೋಗುವವಳು ನೀನು."

"ದೋಸೆ ಬೇರೆ, ಇದು ಬೇರೆ."

"ಕಾಂಟ್ರಾಕ್ಟು ಹೋದ ಮೇಲೆ ಎರಡೂ ಒಂದೇ."

ಅವಳು ಎಡಗೈಯಲ್ಲಿ ತಟ್ಟೆ ಎತ್ತಿಕೊಂಡು ಎದ್ದಳು. ಆ ಹಟ ಅವಳಿಗೆ ಎಲ್ಲಿಂದ ಬಂತು ಎಂದು ಮನೆಯಲ್ಲಿ ಕೇಳಿದರೆ ಎಲ್ಲರೂ ನನ್ನ ಕಡೆ ಬೆರಳು ತೋರಿಸುತ್ತಾರೆ. ಆದರೆ ಇದು ನನ್ನ ಹಟ ಆಗಿರಲಿಲ್ಲ. ನಾನಾಗಿದ್ದರೆ ಖಂಡಿತ ಬಿಸಾಡುತ್ತಿದ್ದೆ.

ಮುಖ ನೋಡದೆ ಇರುವುದು ಹೇಳಿದಷ್ಟು ಸುಲಭ ಅಲ್ಲ. ಮೆಟ್ಟಿಲು ಒಂದೇ. ಆ ಕಟ್ಟಡದಲ್ಲಿ ಮೆಟ್ಟಿಲು ಗುಡಿಸಿ ಒರೆಸುವುದನ್ನು ವಾರಕ್ಕೊಂದು ಮನೆಯವರು ಮಾಡಬೇಕು, ಆ ವಾರ ನಮ್ಮದು. ನಾನು ಪೊರಕೆ ಹಿಡಿದು ಇಳಿಯುವಾಗ ಅವಳು ತರಕಾರಿ ಚೀಲ ಹಿಡಿದು ಹತ್ತುತ್ತಿದ್ದಳು. ನಾನು ಗೋಡೆಯ ಕಡೆ ತಿರುಗಿದೆ. ಅವಳು ಕಿಟಕಿಯ ಕಡೆ ತಿರುಗಿದಳು. ಅವಳ ಬೆನ್ನು ಅಲ್ಲಾಡುತ್ತಿತ್ತು, ನಗುತ್ತಿದ್ದಳು ಎಂದು ಗೊತ್ತಾಯಿತು. ತಿನ್ನುವುದನ್ನು ಮಾತ್ರ ಬಿಡಲಿಲ್ಲ. ನಾನು ದೋಸೆ ಮುಚ್ಚಿ ಅವಳ ಬಾಗಿಲ ಮುಂದೆ ಇಟ್ಟು ಬರುತ್ತಿದ್ದೆ, ಸ್ವಲ್ಪ ಹೊತ್ತಿಗೆ ನಮ್ಮ ಬಾಗಿಲಿನಲ್ಲಿ ಬನ್ನು ಇರುತ್ತಿತ್ತು.

ಇದನ್ನೆಲ್ಲ ಮೇಲಿನ ಮಹಡಿಯ ಜರ್ಮನ್ ಮುದುಕ ನೋಡುತ್ತಿದ್ದ. ಕಟ್ಟಡದ ಕಸದ ಡಬ್ಬ, ಮೆಟ್ಟಿಲು, ಸೈಕಲ್ಲು ನಿಲ್ಲಿಸುವ ಜಾಗ ಎಲ್ಲದರ ಮೇಲೂ ಅವನಿಗೆ ಕಣ್ಣು. ಒಂದು ಸಂಜೆ ಟೋಪಿ ಕೈಯಲ್ಲಿ ಹಿಡಿದು ನಮ್ಮ ಬಾಗಿಲಿಗೆ ಬಂದು ಮೊಮ್ಮಗಳ ಹತ್ತಿರ ಬಹಳ ಗಂಭೀರವಾಗಿ ಮಾತಾಡಿದ. ಅವಳು ಕೆನ್ನೆ ಕಚ್ಚಿಕೊಂಡು ಕೇಳಿದಳು.

"ಎಂತದಂತೆ? ಮೆಟ್ಟಿಲು ಸರಿ ಒರೆಸ್ಲಿಲ್ಲ ಅಂತನಾ?"

"ಅಲ್ಲ ಅಜ್ಜಿ. ಇಬ್ಬರು ಹೆಂಗಸರು ಅಷ್ಟು ಅನ್ಯೋನ್ಯ ಇದ್ದವ್ರು ಈಗ ಮುಖ ತಿರುಗಿಸ್ತಾರೆ, ಎಂತ ಜಗಳ ಅಂತ ಬೇಸರವಂತೆ. ಆದಿತ್ಯವಾರ ಇಬ್ಬರೂ ಅವರ ಮನೆಗೆ ಬರ್ಬೇಕಂತೆ. ಕಾಫಿ, ಕೇಕು ಕೊಟ್ಟು ಮಾತಾಡಿಸಿ ರಾಜಿ ಮಾಡಿಸ್ತಾರಂತೆ."

ಬಂದ ದಿನದಿಂದ ಆ ಮುದುಕ ನನಗೆ ತಲೆ ಆಡಿಸುವುದು ಬಿಟ್ಟರೆ ಏನೂ ಮಾಡಿರಲಿಲ್ಲ. ನಾನು ಅವನನ್ನು ಮೂಗ ಎಂದು ಕರೆಯುತ್ತಿದ್ದೆ. ಆಮೇಲೆ ಕರೆಯಲಿಲ್ಲ. ಜಗಳ ಅಲ್ಲ, ಕೆಲಸ ಎಂದು ಮೊಮ್ಮಗಳು ತಿಳಿಸಿ ಹೇಳಿದಳು. ಅವನು ನಂಬಿದ ಹಾಗೆ ಕಾಣಲಿಲ್ಲ.

ಒಬ್ಬಳೇ ಕುಳಿತು ಗುರುತು ಹಾಕುವಾಗ ನನಗೆ ಒಂದು ಗೊತ್ತಾಯಿತು. ಎದುರು ವಾದಿಸಲು ಯಾರಾದರೂ ಇದ್ದರೆ ನನ್ನ ಅಭಿಪ್ರಾಯ ಕಲ್ಲಿನ ಹಾಗೆ ಇರುತ್ತದೆ. ಯಾರೂ ಇಲ್ಲದಿದ್ದರೆ ಅದು ಹಿಟ್ಟು. ಒಂದೊಂದನ್ನು ಎರಡು ಮೂರು ಸಲ ನೋಡಿದೆ. ಒತ್ತಿದ ಮೇಲೆ ಬದಲಾಯಿಸಲು ಬರುವುದಿಲ್ಲವಾದ್ದರಿಂದ ಗುಂಡಿಯ ಮೇಲೆ ಬೆರಳು ಇಟ್ಟು ಸುಮಾರು ಹೊತ್ತು ಕೂರುತ್ತಿದ್ದೆ. ಸಿಟ್ಟೂ ಬರುತ್ತಿತ್ತು. ಹುಡುಗಿಯ ಅನ್ನ ಈ ಮೂರು ಬಣ್ಣದಲ್ಲಿ ಉಂಟು, ಅದನ್ನು ಒತ್ತುವವಳು ನಾನು. ಇದು ಎಂಥ ಏರ್ಪಾಟು?

ಮುಗಿಯಿತು. ಮೊಮ್ಮಗಳು ಲೆಕ್ಕ ಹಾಕಿ ನೋಡಿದಳು. ಹಾರಿ ಕುಣಿಯಲಿಲ್ಲ, ಉಸಿರು ಬಿಟ್ಟಳು. ಎಲ್ಲ ಒಂದೇ ಅಲ್ಲ, ಆದರೆ ಸಾಕಷ್ಟು ಒಂದೇ, ಅವಳ ವಿದ್ಯೆಯಲ್ಲಿ ಒಪ್ಪುವಷ್ಟು ಎಂದಳು. ಅದೇ ಹೊತ್ತಿಗೆ ಕೆಳಮನೆಯವಳು ಮೇಲೆ ಬಂದಳು. ಮುಖ ನೋಡಿ ನಾವಿಬ್ಬರು ಏನೋ ವರ್ಷಗಳ ಮೇಲೆ ಸಿಕ್ಕಿದವರ ಹಾಗೆ ಕೈ ಹಿಡಿದುಕೊಂಡೆವು. ಮೇಲಿನ ಮುದುಕ ಮೆಟ್ಟಿಲಿನಲ್ಲಿ ನಿಂತು ನೋಡಿ, ತಾನೇ ರಾಜಿ ಮಾಡಿಸಿದವನ ಹಾಗೆ ತೃಪ್ತಿಯಿಂದ ತಲೆ ಆಡಿಸಿ ಹೋದ.

ತೋರಿಸುವ ದಿನ ನಮ್ಮಿಬ್ಬರನ್ನೂ ಕರೆದುಕೊಂಡು ಹೋದಳು. ನಾನು ಸೀರೆಯ ಮೇಲೆ ಅವಳ ದಪ್ಪ ಜಾಕೆಟು ಹಾಕಿದೆ. ಕೋಣೆಯಲ್ಲಿ ಉದ್ದ ಮೇಜು, ಸುತ್ತ ಹತ್ತಿಪ್ಪತ್ತು ಜನ. ಪ್ರೊಫೆಸರಮ್ಮ ಕೂದಲು ಗಿಡ್ಡ ಕತ್ತರಿಸಿದ, ಎತ್ತರದ ಹೆಂಗಸು. ಮೊಮ್ಮಗಳು ಇಂಗ್ಲಿಷಿನಲ್ಲಿ ಮಾತಾಡಿದಳು. ಪ್ಲಾಸ್ಟರಿನ ಕೈ ಹೊಟ್ಟೆಯ ಮೇಲೆ, ಎಡಗೈಯಲ್ಲಿ ಪರದೆ ತೋರಿಸುವುದು. ನನಗೆ ಒಂದಕ್ಷರ ಅರ್ಥ ಆಗಲಿಲ್ಲ. ಆದರೆ ಎಲ್ಲರೂ ಒಟ್ಟಿಗೆ ತಿರುಗಿ ನಮ್ಮಿಬ್ಬರನ್ನು ನೋಡಿದರು. ಹೇಳಿಯೇ ಬಿಟ್ಟಳು, ಮುಗಿಯಿತು ಎಂದುಕೊಂಡೆ.

ಪ್ರೊಫೆಸರಮ್ಮ ನಗಲಿಲ್ಲ. ನನ್ನ ಕಡೆ ತಿರುಗಿ ಏನೋ ಕೇಳಿದಳು.

"ಯಾಕೆ ಬದಲಾಯಿಸಿದ್ದು ಅಂತ ಕೇಳ್ತಾರೆ ಅಜ್ಜಿ."

"ಮನೆಗೆ ಬಂದವರ ಎದುರು ನಾನು ಹೇಳಿದ್ದೇ ಸರಿ ಅಂತ ಕೂರ್ಲಿಕ್ಕೆ ಆಗ್ತದಾ? ಅವರ ದೇಶದಲ್ಲಿ ಕೂರ್ತಾರಾ ಅಂತ ಕೇಳು."

ಮೊಮ್ಮಗಳು ಅದನ್ನು ಎಷ್ಟು ಮೆತ್ತಗೆ ಮಾಡಿ ಹೇಳಿದಳೋ ಗೊತ್ತಿಲ್ಲ. ಪ್ರೊಫೆಸರಮ್ಮ ಆಗ ನಕ್ಕಳು. ಆಮೇಲೆ ಮೊಮ್ಮಗಳು ಮತ್ತೆ ಮಾತಾಡಿದಳು, ಈ ಸಲ ಪರದೆ ನೋಡದೆ, ಬೇಗ ಬೇಗ. ಏನು ಹೇಳಿದಳು ಎಂದು ಮನೆಗೆ ಬಂದ ಮೇಲೆ ತಿಳಿಸಿದಳು. ಜನ ಈ ವಿಡಿಯೋಗಳನ್ನು ಒಬ್ಬೊಬ್ಬರೇ ಕೋಣೆಯಲ್ಲಿ ಕುಳಿತು ನೋಡುವುದಿಲ್ಲ. ಅತ್ತೆಯ ಪಕ್ಕ ಸೊಸೆ, ಅಂಗಡಿಯವನ ಪಕ್ಕ ಗಿರಾಕಿ. ಪಕ್ಕದವರು ಏನಂದರು ಎಂದು ನೋಡಿ ತಮ್ಮ ಮನಸ್ಸನ್ನು ತಿರುಗಿಸುತ್ತಾರೆ. ಅಧಿಕಾರಿ ಹಿರಿಯನೋ ಆಳೋ ಎಂದು ತೀರ್ಮಾನ ಆಗುವುದು ಅಲ್ಲಿ. ಒಬ್ಬೊಬ್ಬರೇ ನೋಡುವುದು ಒಂದು ಭಾಗ, ಇಬ್ಬಿಬ್ಬರು ಒಟ್ಟಿಗೆ ನೋಡುವುದು ಎರಡನೇ ಭಾಗ, ಎರಡನ್ನೂ ಮಾಡುತ್ತೇನೆ ಎಂದಳಂತೆ. ಹಿಂದಿನ ರಾತ್ರಿಯವರೆಗೆ ಆ ಎರಡನೇ ಭಾಗ ಅವಳ ತಲೆಯಲ್ಲಿ ಇರಲಿಲ್ಲ.

ಕೊನೆಯಲ್ಲಿ ಕೂತಿದ್ದ ಗಡ್ಡದವನೊಬ್ಬ ಒಪ್ಪಲಿಲ್ಲ. ಚೀನಾ ಎಂದರೆ ಏನೆಂದೇ ಗೊತ್ತಿಲ್ಲದ ಮುದುಕಿಯ ಗುರುತು ಯಾಕೆ ಬೇಕು ಎಂದು ಕೇಳಿದನಂತೆ. ಒಳ್ಳೆಯ ಪ್ರಶ್ನೆಯೇ. ಏನೂ ತಿಳಿಯದವರಿಗೂ ಅದೇ ಕಂಡರೆ ಅದು ಚಿತ್ರದಲ್ಲೇ ಉಂಟು ಎಂದರ್ಥ ಎಂದು ಮೊಮ್ಮಗಳು ಉತ್ತರ ಕೊಟ್ಟಳಂತೆ, ಅವನು ಕೊನೆಯವರೆಗೂ ತುಟಿ ಬಿಗಿದುಕೊಂಡೇ ಇದ್ದ. ಎಲ್ಲರೂ ಒಪ್ಪಬೇಕು ಎಂದಿಲ್ಲ, ಪ್ರೊಫೆಸರಮ್ಮ ಒಪ್ಪಿದರೆ ಸಾಕು. ಅವಳು ಒಪ್ಪಿದಳು. ಹಾಳಾದ ಕಟ್ಟಿನ ಕಥೆಯನ್ನು ಕಾಂಟ್ರಾಕ್ಟು ಮುಂದುವರಿಸುವ ಅರ್ಜಿಯಲ್ಲಿ ಮೊದಲಿಗೇ ಹಾಕು ಎಂದಳಂತೆ. ಬಿಸಾಡು ಎಂದವಳು ನಾನು. ನನ್ನ ಮಾತು ಕೇಳಿದ್ದರೆ ಹುಡುಗಿ ಕೆಟ್ಟುಹೋಗುತ್ತಿದ್ದಳು. ಅದನ್ನು ಅವಳಿಗೆ ಹೇಳಿದೆ. "ರೆಕಾರ್ಡ್ ಮಾಡ್ಕೊಳ್ತೇನೆ, ಇನ್ನೊಮ್ಮೆ ಹೇಳಿ," ಎಂದು ಫೋನು ತೆಗೆದಳು. ಒಮ್ಮೆ ಹೇಳಿದ್ದು ಸಾಕು ಎಂದೆ.

ನಾನು ವಾಪಸು ಹೊರಡುವ ಮೊದಲು ಕಾಂಟ್ರಾಕ್ಟು ಬಂತು, ಇನ್ನೆರಡು ವರ್ಷಕ್ಕೆ. ಪ್ಲಾಸ್ಟರು ತೆಗೆದು ಕೆಲವೇ ದಿನ ಆಗಿತ್ತು. ಬಲಗೈ ಸೊರಗಿ ಹೀರೆಕಾಯಿಯ ಹಾಗೆ ಆಗಿತ್ತು, ಬೆರಳು ಪೆನ್ನು ಹಿಡಿಯಲು ಹೆದರುತ್ತಿತ್ತು. ಎಡಗೈಯಲ್ಲಿ ಹಾಕು ಎಂದೆ. ಬೇಡ, ಹಳೆಯ ಸಹಿಗೆ ಹೋಲಬೇಕು, ಬ್ಲೂ ಕಾರ್ಡಿನ ಆಫೀಸಿಗೂ ಇದನ್ನೇ ತೋರಿಸಬೇಕು ಎಂದು ಅಡುಗೆ ಮೇಜಿನ ಎದುರು ಕುಳಿತು, ನಾಲಿಗೆ ಹೊರಗೆ ಹಾಕಿ, ಬಹಳ ಹೊತ್ತು ತೆಗೆದುಕೊಂಡು ಬರೆದಳು. ಅಕ್ಷರ ಎಲ್ಲ ಗಾಳಿಗೆ ಅಲ್ಲಾಡಿದ ಹಾಗೆ.

"ನನ್ನ ಸಹಿಯ ಹಾಗೆ ಉಂಟು," ಎಂದೆ.

"ಅಲ್ಲ ಅಜ್ಜಿ, ನಿಮ್ಮದು ಇದಕ್ಕಿಂತ ಚೆಂದ ಉಂಟು."

ಅಷ್ಟರಲ್ಲಿ ಕೆಳಮನೆಯವಳು ಬನ್ನು ಹಿಡಿದು ಬಂದಳು. ನಿಯಮ ಎಲ್ಲ ಮುಗಿದಿತ್ತು, ಯಾರ ಅನ್ನವೂ ಬಣ್ಣದಲ್ಲಿ ಇರಲಿಲ್ಲ. ಅವಳು ಬಗ್ಗಿ ನನ್ನ ಚಪ್ಪಲಿಯ ಪಟ್ಟಿ ಸರಿಮಾಡಿ, ಎದ್ದು ನಿಂತು, ಟೊಮೆಟೊ ಎತ್ತಿ ತೋರಿಸಿದಳು. ನಾನು ಸೆರಗಿನ ಅಂಚು ಹಿಡಿದು ತೋರಿಸಿದೆ. ಅವಳು ತಲೆ ಅಲ್ಲಾಡಿಸಿದಳು. ನಾನೂ ಅಲ್ಲಾಡಿಸಿದೆ. ಈ ಸಲ ಇಬ್ಬರೂ ಬಿಟ್ಟುಕೊಡಲಿಲ್ಲ.